ಇಲ್ಲದ ಹಡಗನ್ನು ನೋಡಲು ಹೋದ ಐದು ದಿನ

"ಭಾವ, ಅಲ್ಲಿ ಹಡಗು ಇದೆಯಾ?"

ನಾರ್ವೆಗೆ ಬರ್ತೀನಿ, ಎರಡನೇ ಮಹಾಯುದ್ಧದ ಜರ್ಮನ್ ಯುದ್ಧನೌಕೆ ಟಿರ್ಪಿಟ್ಸ್ ಇದ್ದ ಜಾಗಗಳನ್ನೆಲ್ಲ ನೋಡಬೇಕು ಎಂದಾಗ ನನ್ನ ಭಾವಮೈದುನ ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ ಇದು. ಅವನು ಸ್ಟಾವಂಗರ್‌ನಲ್ಲಿ ಕೆಲಸಕ್ಕಿದ್ದಾನೆ.

"ಇಲ್ಲ. ಒಡೆದು ಗುಜರಿಗೆ ಹಾಕಿದ್ದಾರೆ."

"ಮತ್ತೆ ನೋಡೋದೇನು?"

ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಹುಡುಗನಾಗಿದ್ದಾಗಿನಿಂದ ನನಗೆ ಯುದ್ಧನೌಕೆಗಳ ಹುಚ್ಚು. ಬಿಸ್ಮಾರ್ಕ್ ಎಲ್ಲರಿಗೂ ಗೊತ್ತು. 1941ರ ಮೇ ತಿಂಗಳಲ್ಲಿ ಮೊದಲ ಯಾತ್ರೆಗೇ ಹೊರಟು, ಅದೇ ಯಾತ್ರೆಯಲ್ಲಿ ಮುಳುಗಿತು. ಟಿರ್ಪಿಟ್ಸ್ ಅದರ ಜೋಡಿ ಹಡಗು. ವಿಲ್ಹೆಲ್ಮ್ಸ್‌ಹಾವನ್‌ನಲ್ಲಿ ಕಟ್ಟಿದ್ದು. ಉದ್ದ 251 ಮೀಟರ್, 38 ಸೆಂಟಿಮೀಟರ್ ಬಾಯಿಯ ಎಂಟು ಫಿರಂಗಿ. 1941ರ ಫೆಬ್ರವರಿ 25ರಂದು ನೌಕಾಪಡೆಗೆ ಸೇರಿತು, 1944ರ ನವೆಂಬರ್ 12ರಂದು ಮಗುಚಿ ಬಿತ್ತು. ನಾಲ್ಕು ವರ್ಷವೂ ತುಂಬದ ನೌಕರಿ. ಅದರಲ್ಲೂ ಬಹುಪಾಲು ಆಗ ಜರ್ಮನ್ನರ ವಶದಲ್ಲಿದ್ದ ನಾರ್ವೆಯ ಫ್ಯೋರ್ಡ್‌ಗಳಲ್ಲಿ, ಅಂದರೆ ಬೆಟ್ಟಗಳ ನಡುವೆ ಕಡಲು ಒಳಗೆ ನುಗ್ಗಿರುವ ಉದ್ದನೆ ಓಣಿಗಳಲ್ಲಿ, ಸುಮ್ನೆ ಕೂತೇ ಕಳೆಯಿತು. ಕೂತಲ್ಲಿಂದಲೇ ಬ್ರಿಟಿಷರ ನಿದ್ದೆ ಕೆಡಿಸಿತು. ಅದು ಹೇಗೆ ಅನ್ನುವುದೇ ನನ್ನ ಕುತೂಹಲ.

"ಸರಿ ಬನ್ನಿ. ಗಾಡಿ ನಾನು ಓಡಿಸ್ತೀನಿ, ಊಟದ್ದು ನೀವು ನೋಡ್ಕೊಳ್ಳಿ" ಎಂದ. ಹಾಗೆ ಸೆಪ್ಟೆಂಬರ್ ಮೊದಲ ವಾರದಲ್ಲಿ ಹೊರಟೆವು.

ಮೊದಲ ದಿನ: ಟ್ರೊಂಡ್‌ಹೈಮ್, ಫೆಟ್ಟೆನ್‌ಫ್ಯೋರ್ಡ್

ಟ್ರೊಂಡ್‌ಹೈಮ್ ವಿಮಾನ ನಿಲ್ದಾಣ ಊರಿಂದ ದೂರ, ಪೂರ್ವಕ್ಕಿದೆ. ನಮಗೆ ಅದೇ ಅನುಕೂಲವಾಯಿತು. ಊರಿಗೆ ಹೋಗದೆ ನೇರ ಇ6 ಹೆದ್ದಾರಿ ಹಿಡಿದು ಉತ್ತರಕ್ಕೆ ಅರ್ಧ ಗಂಟೆ. ಜಿಟಿಜಿಟಿ ಮಳೆ. ರಸ್ತೆಯ ಎರಡೂ ಕಡೆ ಕೊಯ್ಲಿಗೆ ಬಂದ ಹೊಲ, ಕೆಂಪು ಬಣ್ಣದ ಕೊಟ್ಟಿಗೆಗಳು. ಇಂಥ ಕಡೆ ಹಡಗು ಎಲ್ಲಿಂದ ಬಂತು ಅನ್ನಿಸುತ್ತದೆ. ಸಣ್ಣ ರಸ್ತೆಗೆ ತಿರುಗಿ ಒಂದು ಇಳಿಜಾರು ದಾಟಿದ ಮೇಲೆ ನೀರು ಕಂಡಿತು.

ಫೆಟ್ಟೆನ್‌ಫ್ಯೋರ್ಡ್ ಅಷ್ಟು ಚಿಕ್ಕದು ಎಂದು ನಾನು ಅಂದುಕೊಂಡಿರಲಿಲ್ಲ. ದೊಡ್ಡ ಕೆರೆಯ ಒಂದು ಬಾಲದಷ್ಟು. ಒಂದು ಕಡೆ ಕಡಿದಾದ ಗುಡ್ಡ. 1942ರ ಜನವರಿಯಲ್ಲಿ ಇಲ್ಲಿಗೆ ಬಂದ ಹಡಗನ್ನು ಆ ಗುಡ್ಡದ ಬುಡಕ್ಕೆ ಒತ್ತಿ ನಿಲ್ಲಿಸಿ, ಮರ ಕಡಿದು ತಂದು ಮೇಲೆ ಹೊದಿಸಿದ್ದರು, ವಿಮಾನದಿಂದ ನೋಡಿದರೆ ಗುಡ್ಡವೇ ಮುಂದುವರಿದ ಹಾಗೆ ಕಾಣಲಿ ಎಂದು. ಈಗ ದಡದಲ್ಲಿ ಹಳೇ ಕಾಂಕ್ರೀಟಿನ ಒಂದೆರಡು ಕುರುಹು, ಅದರ ಮೇಲೆ ಪಾಚಿ. ಅಷ್ಟೇ.

ಭಾವಮೈದುನ ಹೆಜ್ಜೆ ಹಾಕಿ ಅಳೆಯಲು ನೋಡಿದ. ಇನ್ನೂರೈವತ್ತು ಹೆಜ್ಜೆ ಹೋಗುವಷ್ಟರಲ್ಲಿ ಜಾರಿ ಕೂತ. ಪ್ಯಾಂಟಿನ ಹಿಂಭಾಗ ಪೂರ್ತಿ ಕೆಸರು. "ಇಷ್ಟುದ್ದ ಇತ್ತಾ ಭಾವ?" ಎಂದು ಕೂತಲ್ಲಿಂದಲೇ ಕೇಳಿದ. ಇಲ್ಲಿಗೆ ಬರುವವರು ದಯವಿಟ್ಟು ಹಿಡಿತವಿರುವ ಬೂಟು ಹಾಕಿ. ಪಾಚಿ ಬಂಡೆಗಳಿಗೆ ಕರುಣೆ ಇಲ್ಲ.

ಇಲ್ಲಿ ಹಡಗು ಕೂತಿದ್ದ ಕಾಲದಲ್ಲಿ ಅದಕ್ಕೆ ಎಷ್ಟು ಜನ ಹೆದರಿದ್ದರು ಎನ್ನುವುದಕ್ಕೆ ಒಂದೇ ಉದಾಹರಣೆ ಸಾಕು. ಅದು ಅಟ್ಲಾಂಟಿಕ್‌ಗೆ ಇಳಿದು ಏಟು ತಿಂದರೆ ರಿಪೇರಿ ಮಾಡಿಸಿಕೊಳ್ಳುವಷ್ಟು ದೊಡ್ಡ ಒಣ ಹಡಗುಕಟ್ಟೆ ಆ ಕರಾವಳಿಯಲ್ಲಿದ್ದುದು ಆಗ ಜರ್ಮನ್ನರ ಕೈಲಿದ್ದ ಫ್ರಾನ್ಸಿನ ಸಾಂ ನಜೇರ್‌ನಲ್ಲಿ ಮಾತ್ರ. 1942ರ ಮಾರ್ಚ್ 28ರಂದು ಬ್ರಿಟಿಷರು ಕ್ಯಾಂಪ್‌ಬೆಲ್‌ಟೌನ್ ಎಂಬ ತಮ್ಮದೇ ಹಳೇ ಡಿಸ್ಟ್ರಾಯರ್ ಹಡಗಿಗೆ ಸಿಡಿಮದ್ದು ತುಂಬಿ, ಆ ಕಟ್ಟೆಯ ಬಾಗಿಲಿಗೆ ಡಿಕ್ಕಿ ಹೊಡೆಸಿ ಸ್ಫೋಟಿಸಿದರು. ಯುದ್ಧ ಮುಗಿಯುವ ತನಕ ಕಟ್ಟೆ ಕೆಲಸಕ್ಕೆ ಬರಲಿಲ್ಲ. ಅತ್ತ ಟಿರ್ಪಿಟ್ಸ್ ಇಲ್ಲಿ, ಈ ಗುಡ್ಡದ ಬುಡದಲ್ಲಿ, ಮರದ ಕೊಂಬೆ ಹೊದ್ದು ಕೂತಿತ್ತು.

ಹತ್ತಿರದಲ್ಲೇ ಹೊಕ್ಲಿಂಗನ್ ಎಂಬ ಸರೋವರ. 1942ರ ಏಪ್ರಿಲ್‌ನಲ್ಲಿ ಹಡಗಿನ ಮೇಲೆ ಬಾಂಬ್ ಹಾಕಲು ಬಂದ ಒಂದು ಹ್ಯಾಲಿಫ್ಯಾಕ್ಸ್ ವಿಮಾನ ಏಟು ತಿಂದು, ಹೆಪ್ಪುಗಟ್ಟಿದ ಈ ಸರೋವರದ ಮೇಲೆ ಇಳಿಯಿತು. ಆಮೇಲೆ ಮಂಜು ಕರಗಿ ತಳಕ್ಕೆ ಹೋಯಿತು. 1973ರಲ್ಲಿ ಮೇಲೆತ್ತಿ ಲಂಡನ್ನಿನ ವಾಯುಪಡೆ ಮ್ಯೂಸಿಯಂಗೆ ಒಯ್ದರು. ನಾವು ಹೋದಾಗ ದಡದಲ್ಲಿ ಒಬ್ಬರು ಗಾಳ ಹಾಕಿ ಕೂತಿದ್ದರು. ವಿಮಾನದ ವಿಷಯ ಕೇಳಿದರೆ "ಹೂಂ, ಅಲ್ಲಿತ್ತು" ಎಂದು ಗಡ್ಡದಿಂದ ತೋರಿಸಿ ಮತ್ತೆ ನೀರು ನೋಡತೊಡಗಿದರು. ಮೀನು ಬಿತ್ತಾ ಎಂದರೆ ಅದಕ್ಕೂ ಗಡ್ಡ ಅಲ್ಲಾಡಿಸಿದರು.

ಎರಡನೇ ದಿನ: ಆಲ್ಟಾ, ಮತ್ತು ನನ್ನ ದೊಡ್ಡ ತಪ್ಪು

ಟ್ರೊಂಡ್‌ಹೈಮ್‌ನಿಂದ ಓಸ್ಲೊ, ಓಸ್ಲೊದಿಂದ ಆಲ್ಟಾ. ಎರಡು ವಿಮಾನ, ಒಂದು ಒಣ ಬ್ರೆಡ್ಡು. ಆಲ್ಟಾ ಇರುವುದು 70ನೇ ಅಕ್ಷಾಂಶದ ಹತ್ತಿರ, ಆರ್ಕ್ಟಿಕ್ ವೃತ್ತಕ್ಕಿಂತ ಎಷ್ಟೋ ಮೇಲೆ. ಇಳಿದಾಗ ಬಿಸಿಲಿತ್ತು. ಬರ್ಚ್ ಮರಗಳ ಎಲೆ ಅರಿಶಿನದ ಬಣ್ಣಕ್ಕೆ ತಿರುಗುತ್ತಿದ್ದವು. ಇಬ್ಬರಿಗೂ ಖುಷಿ.

ಬಾಡಿಗೆ ಗಾಡಿ ತಗೊಂಡು ರಾತ್ರಿಯ ಕ್ಯಾಬಿನ್ನಿನ ವಿಳಾಸ ಹಾಕಿದೆ. ಮ್ಯಾಪು "ಮೂರು ಗಂಟೆ" ಎಂದಿತು.

"ಭಾವ, ಕೋಫ್ಯೋರ್ಡ್ ಇಲ್ಲೇ ಇಪ್ಪತ್ತು ಕಿಲೋಮೀಟರ್ ಅಂದ್ರಲ್ಲ?"

ಅಂದಿದ್ದೆ. ಅದು ನಿಜವೂ ಹೌದು. ಆದರೆ ಉತ್ತರ ನಾರ್ವೆಯಲ್ಲಿ ಎರಡು ಕೋಫ್ಯೋರ್ಡ್ ಇವೆ. ಹಡಗು ಆಮೇಲೆ ಬಂದು ನಿಂತದ್ದು ಆಲ್ಟಾ ಪಕ್ಕದ್ದರಲ್ಲಿ. ನಾನು ಎರಡು ರಾತ್ರಿಗೆ ಬುಕ್ ಮಾಡಿದ್ದು ಟ್ರೊಮ್ಸೊ ಕಡೆಯ ಕೋಫ್ಯೋರ್ಡ್, ಇನ್ನೂರು ಕಿಲೋಮೀಟರ್ ಆಚೆ. ಹಡಗಿನ ಬಗ್ಗೆ ಇಪ್ಪತ್ತು ವರ್ಷ ಓದಿದವನು ಊರು ತಪ್ಪಿಸಿಕೊಂಡಿದ್ದೆ. ಭಾವಮೈದುನ ಏನೂ ಅನ್ನಲಿಲ್ಲ. ಸ್ಟೇರಿಂಗ್ ಮೇಲೆ ಹಣೆ ಇಟ್ಟು ನಕ್ಕ, ಅಷ್ಟೇ. ಮನೆಗೆ ಹೋದ ಮೇಲೆ ಅಕ್ಕನಿಗೆ ಹೇಳಿಯೇ ಹೇಳುತ್ತಾನೆ ಎಂದು ಆಗಲೇ ಗೊತ್ತಾಯಿತು.

ಆ ಕ್ಯಾಬಿನ್ನಿಗೆ ಫೋನ್ ಮಾಡಿದೆ. ಅಮ್ಮನ ವಯಸ್ಸಿನ ಹೆಂಗಸು. "ನೀವೇ ಮೊದಲಲ್ಲ" ಎಂದು ನಕ್ಕು, ಒಂದು ರಾತ್ರಿ ರದ್ದು ಮಾಡಿ, ನಾಳಿದ್ದು ಬನ್ನಿ ಎಂದರು. ಅವತ್ತಿಗೆ ಆಲ್ಟಾದಲ್ಲೇ ನದಿ ಪಕ್ಕದ ಒಂದು ಕ್ಯಾಂಪಿಂಗ್ ಜಾಗದಲ್ಲಿ ಮರದ ಗುಡಿಸಲು ಸಿಕ್ಕಿತು. ಎರಡು ಮಂಚ, ಒಂದು ಒಲೆ, ಚೆನ್ನಾಗಿಯೇ ಇತ್ತು.

ಅದು ಭಾನುವಾರ. ನಾರ್ವೆಯಲ್ಲಿ ಭಾನುವಾರ ದೊಡ್ಡ ದಿನಸಿ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಶನಿವಾರವೇ ಬೇಕಾದ್ದು ತಗೊಂಡಿಟ್ಟುಕೊಳ್ಳಬೇಕು, ನಮಗೆ ಮರೆತೇಹೋಗಿತ್ತು. ಕೊನೆಗೆ ನನ್ನ ಚೀಲದ ಅವಲಕ್ಕಿ, ಚಟ್ನಿಪುಡಿ, ಪೆಟ್ರೋಲ್ ಬಂಕಿನಲ್ಲಿ ಸಿಕ್ಕ ಒಂದು ಡಬ್ಬಿ ಮೊಸರು. ಆ ಚಳಿಯಲ್ಲಿ ಮೊಸರವಲಕ್ಕಿ ತಿಂದವರು ನಾವೇ ಇರಬೇಕು.

ಕ್ಯಾಂಪಿನ ಯಜಮಾನರು ರಾತ್ರಿ ಸೌದೆ ಕೊಡಲು ಬಂದರು. ಎಪ್ಪತ್ತು ದಾಟಿದ ಮನುಷ್ಯ. ಟಿರ್ಪಿಟ್ಸ್ ನೋಡಲು ಬಂದಿದ್ದೇವೆ ಎಂದಾಗ ಅವರಿಗೆ ಏನೂ ಆಶ್ಚರ್ಯವಾಗಲಿಲ್ಲ. "ನಾಳೆ ಬೆಳಿಗ್ಗೆ ಕಾಫಿಗೆ ಬನ್ನಿ. ಒಂದು ಟೇಬಲ್ ತೋರಿಸ್ತೀನಿ" ಎಂದು ಹೋದರು. ಟೇಬಲ್ ಯಾಕೆ ಎಂದು ಇಬ್ಬರಿಗೂ ಗೊತ್ತಾಗಲಿಲ್ಲ.

ಮೂರನೇ ದಿನ: ಕೋಫ್ಯೋರ್ಡ್, ಸರಿಯಾದದ್ದು

ಟೇಬಲ್ ಎಂದರೆ ಪೈನ್ ಮರದ ಅಡ್ಡ ಕೊಯ್ದ ಒಂದು ಬಿಲ್ಲೆ. ಊಟದ ತಟ್ಟೆಗಿಂತ ಸ್ವಲ್ಪ ದೊಡ್ಡದು. ಕೆಳಗೆ ಮೂರು ಕಾಲು. ಅದರ ಮೇಲೆ ಕಾಫಿ ಇಟ್ಟಿದ್ದರು. ಲೋಟ ಎತ್ತಿ, ಅಂಗೈಯಲ್ಲಿ ಒರೆಸಿ, "ಹೊರಗಡೆಯಿಂದ ಒಳಗೆ ಬನ್ನಿ" ಎಂದರು. ಬೆರಳಿಟ್ಟು ಬಂದೆ. ಮರದ ವರ್ಷದ ಬಳೆಗಳು ಹೊರಗಡೆ ಸಲೀಸಾಗಿ ಎಣಿಸುವ ಹಾಗಿದ್ದವು. ಒಂದು ಕಡೆ ಬಂದಾಗ ಗೆರೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಉಗುರು ತೂರಿಸಿದರೂ ಬೇರೆಯಾಗದಷ್ಟು ಒತ್ತು. ಅದರಾಚೆ ಮತ್ತೆ ಅಗಲ.

"ಇದು ಕೋಫ್ಯೋರ್ಡ್ ಮರ. ಆ ಗೆರೆಗಳು ಹಡಗು" ಎಂದರು.

ವಿಷಯ ಹೀಗೆ. ವಿಮಾನಗಳಿಂದ ಹಡಗನ್ನು ಮುಚ್ಚಿಡಲು ಜರ್ಮನ್ನರು ಫ್ಯೋರ್ಡಿನ ಸುತ್ತ ಹೊಗೆ ಯಂತ್ರಗಳನ್ನು ಇಟ್ಟಿದ್ದರು. ವಿಮಾನ ಬರುವ ಸುದ್ದಿ ಸಿಕ್ಕ ಕೂಡಲೇ ಕ್ಲೋರೋಸಲ್ಫ್ಯೂರಿಕ್ ಆಮ್ಲವನ್ನು ಗಾಳಿಗೆ ಬಿಟ್ಟರೆ ಕಣಿವೆ ತುಂಬ ಬಿಳಿ ಮಂಜು. ಆ ಮಂಜು ಪೈನ್ ಮರಗಳ ಸೂಜಿ ಎಲೆ ಸುಟ್ಟಿತು. ಎಲೆ ಇಲ್ಲದ ಮರ ಬೆಳೆಯುವುದು ಹೇಗೆ? ಎಷ್ಟೋ ದಶಕದ ಮೇಲೆ ಜರ್ಮನಿಯದೇ ಮೈಂಟ್ಸ್ ವಿಶ್ವವಿದ್ಯಾಲಯದ ಕ್ಲೌಡಿಯಾ ಹಾರ್ಟ್ಲ್ ಹಳೇ ಹವಾಮಾನ ತಿಳಿಯಲು ಇಲ್ಲಿನ ಮರಗಳ ಬಳೆ ಪರೀಕ್ಷಿಸಲು ಬಂದರು. ಎಷ್ಟೋ ಮರಗಳಲ್ಲಿ 1945ರ ಬಳೆಯೇ ಇಲ್ಲ. ಒಂದು ಮರವಂತೂ ಒಂಬತ್ತು ವರ್ಷ ಬಳೆಯೇ ಕಟ್ಟಿರಲಿಲ್ಲ. ಕಾರಣ ಹುಡುಕಿದಾಗ ಸಿಕ್ಕಿದ್ದು ಟಿರ್ಪಿಟ್ಸ್. 2018ರಲ್ಲಿ ಇದನ್ನು ಜಗತ್ತಿಗೆ ತಿಳಿಸಿದರು.

ಭಾವಮೈದುನ ಆ ಬಿಲ್ಲೆಯನ್ನು ಬಿಟ್ಟು ಏಳಲೇ ಇಲ್ಲ. ಕಾಫಿ ಆರಿಹೋಯಿತು. ಹಡಗು ಇದೆಯಾ ಎಂದು ಆಮೇಲೆ ಅವನು ಕೇಳಲಿಲ್ಲ.

ಆಲ್ಟಾದಿಂದ ಕೋಫ್ಯೋರ್ಡ್‌ಗೆ ನೀರಿನ ಅಂಚಿನ ರಸ್ತೆ. ಮಧ್ಯೆ ಹಿಮಸಾರಂಗಗಳು. ನಮ್ಮ ಕಡೆ ಎಮ್ಮೆ ನಿಂತ ಹಾಗೆ ನಡುರಸ್ತೆಯಲ್ಲಿ ನಿಲ್ಲುತ್ತವೆ. ಹಾರ್ನ್ ಹೊಡೆದರೂ ಅಷ್ಟೇ, ಬಿಟ್ಟರೂ ಅಷ್ಟೇ. ಎಂಜಿನ್ ಆರಿಸಿ ಕಾಯುವುದೇ ಒಳ್ಳೆಯದು.

ಊರು ಎಂದರೆ ಹತ್ತಾರು ಮನೆ, ಒಂದು ಬಿಳಿ ಮರದ ಚರ್ಚು. ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲಿಷರು ಇಲ್ಲಿ ತಾಮ್ರದ ಗಣಿ ನಡೆಸಿದ್ದರು, ಆ ಕಾಲದ್ದೇ ಚರ್ಚು, 1837ರದ್ದು. ಹಿಂದಿನ ಹಾಲ್ಡೆ ಬೆಟ್ಟದ ತುದಿಯಲ್ಲಿ 1899ರಲ್ಲಿ ಕಟ್ಟಿದ ಉತ್ತರದ ಬೆಳಕಿನ, ಅಂದರೆ ಅರೋರಾದ, ವೀಕ್ಷಣಾಲಯವಿದೆ. ಹತ್ತುವ ಆಸೆ ಇತ್ತು, ಮೋಡ ಅರ್ಧ ಬೆಟ್ಟ ತಿಂದಿತ್ತು. ಬಿಟ್ಟೆವು.

ಟಿರ್ಪಿಟ್ಸ್ ಮ್ಯೂಸಿಯಂ ಚಿಕ್ಕದು, ಸಂಗ್ರಹ ದೊಡ್ಡದು. ಬೇಸಿಗೆ ಮುಗಿದ ಮೇಲೆ ಬಾಗಿಲು ತೆಗೆಯುವ ದಿನ ಕಡಿಮೆಯಾಗುತ್ತದೆ, ಹೋಗುವ ಮುಂಚೆ ಕೇಳಿಕೊಂಡು ಹೋಗಿ. ಒಳಗೆ ಸಮವಸ್ತ್ರ, ಫೋಟೋ, ಹಡಗಿನ ಮಾದರಿ, ಊಟದ ತಟ್ಟೆ, ಚಮಚ. ನನ್ನನ್ನು ಹಿಡಿದು ನಿಲ್ಲಿಸಿದ್ದು ಹುಡುಗರ ಫೋಟೋಗಳು. ಹಿಮದಲ್ಲಿ ಜಾರುವ, ಗಿಟಾರ್ ಹಿಡಿದ, ನಾಯಿ ಎತ್ತಿಕೊಂಡ ಹುಡುಗರು. ಎರಡು ಸಾವಿರಕ್ಕೂ ಹೆಚ್ಚು ಜನ, ತಿಂಗಳುಗಟ್ಟಲೆ ಕೆಲಸವಿಲ್ಲದೆ ಇಲ್ಲಿ ಕೂತಿದ್ದರು. ಚಳಿಗಾಲದಲ್ಲಿ ಎರಡು ತಿಂಗಳು ಸೂರ್ಯನೇ ಇಲ್ಲ.

ಹೊರಗೆ ಬಂದು ನೀರಿನ ಹತ್ತಿರ ಕೂತೆವು. 1943ರ ಸೆಪ್ಟೆಂಬರ್ 22ರ ಬೆಳಿಗ್ಗೆ ಇದೇ ನೀರಿನಡಿ ನಡೆದದ್ದನ್ನು ನಾನು ಭಾವಮೈದುನನಿಗೆ ಹೇಳಿದೆ.

ಸ್ಕಾಟ್ಲೆಂಡಿನಿಂದ ಆರು ಪುಟ್ಟ ಜಲಾಂತರ್ಗಾಮಿಗಳನ್ನು ದೊಡ್ಡವು ಎಳೆದು ತಂದವು. ಒಂದೊಂದರ ಉದ್ದ ಹದಿನೈದು ಮೀಟರ್ ಚಿಲ್ಲರೆ, ಒಳಗೆ ನಾಲ್ಕೇ ಜನ. ಅಕ್ಕಪಕ್ಕಕ್ಕೆ ಎರಡೆರಡು ಟನ್ನಿನ ಸಿಡಿಮದ್ದಿನ ಮೂಟೆ. ಅದನ್ನು ಹಡಗಿನ ಅಡಿಗೆ ಬಿಟ್ಟು ಓಡಬೇಕು. ಟಿರ್ಪಿಟ್ಸ್ ಸುತ್ತ ಉಕ್ಕಿನ ಬಲೆ. ಡೊನಾಲ್ಡ್ ಕ್ಯಾಮರನ್ ನಡೆಸುತ್ತಿದ್ದ ಎಕ್ಸ್-6ರ ಪೆರಿಸ್ಕೋಪ್ ಕೆಟ್ಟಿತ್ತು. ಹೆಚ್ಚುಕಮ್ಮಿ ಕುರುಡಾಗಿಯೇ ಬಂದ. ಬಲೆಯ ಬಾಗಿಲು ಒಂದು ದೋಣಿಗಾಗಿ ತೆರೆದಾಗ ಹಿಂದೆಯೇ ತೂರಿದ. ಆಮೇಲೆ ದಡಕ್ಕೆ ತಾಗಿ ಮೇಲೆದ್ದಿತು. ಹಡಗಿನ ಮೇಲಿದ್ದವರಿಗೆ ಇದು ಮೀನೋ ಮತ್ತೇನೋ ಎಂದು ನಿರ್ಧರಿಸಲು ಹೊತ್ತು ಹಿಡಿಯಿತು. ಅಷ್ಟರಲ್ಲಿ ಕ್ಯಾಮರನ್ ಮೂಟೆಗಳನ್ನು ಹಡಗಿನಡಿ ಬಿಟ್ಟು, ತನ್ನ ದೋಣಿ ಮುಳುಗಿಸಿ, ಮೂವರು ಜೊತೆಗಾರರೊಂದಿಗೆ ಕೈ ಎತ್ತಿದ.

"ಆಮೇಲೆ?"

"ನಾಲ್ಕು ಜನರನ್ನೂ ಹಿಡಿದು ಟಿರ್ಪಿಟ್ಸ್ ಮೇಲಕ್ಕೇ ಹತ್ತಿಸಿದರು."

"ಅಡಿಯಲ್ಲಿ ಬಾಂಬ್ ಇದೆ ಅಲ್ವಾ?"

"ಇದೆ. ಅವರು ಹೇಳಲಿಲ್ಲ. ಆದರೆ ಗಡಿಯಾರ ನೋಡ್ತಾ ನಿಂತಿದ್ದರು."

8 ಗಂಟೆ 12 ನಿಮಿಷಕ್ಕೆ ಸಿಡಿಯಿತು. ಗಾಡ್‌ಫ್ರೀ ಪ್ಲೇಸ್ ತಂದ ಎಕ್ಸ್-7 ಕೂಡ ಅಷ್ಟರಲ್ಲಿ ತನ್ನ ಮೂಟೆ ಬಿಟ್ಟಿತ್ತು. ಅಷ್ಟು ಭಾರದ ಹಡಗು ನೀರಿನಿಂದ ಚಿಮ್ಮಿ ಬಿತ್ತು. ಮುಳುಗಲಿಲ್ಲ. ಆದರೆ ಯಂತ್ರಗಳು ಕದಲಿದವು, ಆರು ತಿಂಗಳು ಎಲ್ಲಿಗೂ ಹೋಗುವ ಹಾಗಿರಲಿಲ್ಲ. ಕ್ಯಾಮರನ್ ತಂಡದ ನಾಲ್ವರೂ ಬದುಕಿದರು. ಪ್ಲೇಸ್ ಮತ್ತು ಇನ್ನೊಬ್ಬ ಬದುಕಿದರು. ಟಿರ್ಪಿಟ್ಸ್‌ಗೆಂದು ಬಂದ ಮೂರನೆಯದು, ಎಕ್ಸ್-5, ಅದರ ನಾಲ್ಕು ಜನರ ಸಮೇತ ಹಿಂದಿರುಗಲಿಲ್ಲ. ಕ್ಯಾಮರನ್‌ಗೂ ಪ್ಲೇಸ್‌ಗೂ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು.

ಭಾವಮೈದುನ ತನ್ನ ವಾಚ್ ನೋಡಿಕೊಂಡ. ಅವನಿಗೇ ಗೊತ್ತಿಲ್ಲದ ಹಾಗೆ.

ಇಷ್ಟೆಲ್ಲ ಆದ ಮೇಲೆ ಹಡಗನ್ನು ನಿಂತಲ್ಲೇ ರಿಪೇರಿ ಮಾಡಿದರು. ಮುಗಿಯಿತು ಎನ್ನುವಷ್ಟರಲ್ಲಿ, 1944ರ ಏಪ್ರಿಲ್ 3ರಂದು, ವಿಮಾನವಾಹಕ ಹಡಗುಗಳಿಂದ 40 ಬ್ಯಾರಕುಡಾ ವಿಮಾನ ಎರಡು ಸುತ್ತಿನಲ್ಲಿ ಬಂದು ಬಾಂಬ್ ಹಾಕಿದವು. 122 ನಾವಿಕರು ಸತ್ತರು. ಹಡಗಿನ ಸುದ್ದಿಯನ್ನು ಆಲ್ಟಾದಿಂದ ರೇಡಿಯೋದಲ್ಲಿ ಬ್ರಿಟನ್ನಿಗೆ ಕಳಿಸುತ್ತಿದ್ದವನು ಟೋರ್‌ಸ್ಟೈನ್ ರೋಬಿ ಎಂಬ ನಾರ್ವೆ ಯುವಕ. ಅವನ ಚಾಲಾಕಿತನ ನೋಡಿ: ರಾತ್ರಿ ಹೊತ್ತು ಒಬ್ಬ ಜರ್ಮನ್ ಅಧಿಕಾರಿಯ ಏರಿಯಲ್‌ಗೇ ತನ್ನ ರೇಡಿಯೋ ಜೋಡಿಸುತ್ತಿದ್ದ! ಯುದ್ಧ ಮುಗಿದ ಮೇಲೆ, 1947ರಲ್ಲಿ, ಇದೇ ರೋಬಿ ಕೋನ್-ಟಿಕಿ ತೆಪ್ಪದಲ್ಲಿ ಪೆಸಿಫಿಕ್ ದಾಟಿದ ಆರು ಜನರಲ್ಲಿ ಒಬ್ಬ.

ನಾಲ್ಕನೇ ದಿನ: ಇ6 ರಸ್ತೆ, ತಪ್ಪು ಕೋಫ್ಯೋರ್ಡ್

ಬೆಳಿಗ್ಗೆಯಿಂದ ಮಳೆ. ಆಲ್ಟಾದಿಂದ ನೈರುತ್ಯಕ್ಕೆ ಹೊರಟೆವು. ಗಾಡಿಯನ್ನು ಆಲ್ಟಾದಲ್ಲಿ ತಗೊಂಡು ಟ್ರೊಮ್ಸೊದಲ್ಲಿ ಬಿಡುವುದಕ್ಕೆ ಜಾಸ್ತಿ ದುಡ್ಡು ಬೀಳುತ್ತದೆ, ಬಾಡಿಗೆಗಿಂತ ಅದೇ ನೋವು. ಆದರೆ ಹಡಗು ಕೊನೆಯ ಸಲ ಹೋದದ್ದೂ ಆಲ್ಟಾದಿಂದ ಟ್ರೊಮ್ಸೊಗೇ. ಅದು ಕಡಲಲ್ಲಿ, ನಾವು ದಡದಲ್ಲಿ.

ವೈಪರ್ ಸದ್ದಿನ ಮಧ್ಯೆ ಭಾವಮೈದುನ ಕೇಳಿದ, "ಭಾವ, ಒಂದು ಮಾತು. ಇದು ಕೊನೆಗೂ ಮಾಡಿದ್ದೇನು? ಏಟು ತಿಂದದ್ದು ಬಿಟ್ಟು."

ಒಳ್ಳೆ ಪ್ರಶ್ನೆ. ಎಣಿಸಿ ಹೇಳಿದೆ. 1942ರ ಮಾರ್ಚಿನಲ್ಲಿ ರಷ್ಯಾಕ್ಕೆ ಸರಕು ಒಯ್ಯುವ ಹಡಗುಗಳನ್ನು ಹುಡುಕಿಕೊಂಡು ಹೋಯಿತು, ಸಿಗಲಿಲ್ಲ. ಜುಲೈನಲ್ಲಿ ಮತ್ತೆ. ಆ ಸಲ ಪಿಕ್ಯೂ-17 ಎಂಬ ಸರಕು ಹಡಗುಗಳ ಗುಂಪು ಹೋಗುತ್ತಿತ್ತು. ಟಿರ್ಪಿಟ್ಸ್ ಬರುತ್ತಿದೆ ಎಂಬ ಭಯಕ್ಕೆ ಜುಲೈ 4ರಂದು ಲಂಡನ್ನಿನಿಂದ "ಚದುರಿ ಹೋಗಿ" ಎಂದು ಆಜ್ಞೆ ಬಂತು. ಕಾವಲು ಹಡಗುಗಳು ಬಿಟ್ಟುಹೋದವು. ಒಂಟಿಯಾದ ಸರಕು ಹಡಗುಗಳನ್ನು ಜಲಾಂತರ್ಗಾಮಿಗಳೂ ವಿಮಾನಗಳೂ ಒಂದೊಂದಾಗಿ ಮುಗಿಸಿದವು. 24 ಹಡಗು ಹೋದವು. ಟಿರ್ಪಿಟ್ಸ್ ಹೊರಟದ್ದು ಮಾರನೇ ದಿನ. ಅವತ್ತೇ ಸಂಜೆ ವಾಪಸ್. ಒಂದು ಗುಂಡೂ ಹಾರಿಸಿರಲಿಲ್ಲ.

"ಅಂದ್ರೆ ಬರ್ತಾ ಇದೆ ಅನ್ನೋ ಸುದ್ದಿಗೇ?"

"ಸುದ್ದಿಗೇ."

ಆಮೇಲೆ 1943ರ ಸೆಪ್ಟೆಂಬರ್ 8ರಂದು ಸ್ಪಿಟ್ಸ್‌ಬರ್ಗನ್ ದ್ವೀಪಕ್ಕೆ ಹೋಗಿ, ಅಲ್ಲಿದ್ದ ನಾರ್ವೆಯ ಸಣ್ಣ ತುಕಡಿಯ ಮೇಲೆ, ಗಣಿ ಊರಿನ ಮೇಲೆ ಗುಂಡು ಹಾರಿಸಿತು. ಶತ್ರು ಹಡಗೊಂದರ ಮೇಲೆ ಅದರ ದೊಡ್ಡ ಫಿರಂಗಿಗಳು ಒಮ್ಮೆಯೂ ಸಿಡಿಯಲಿಲ್ಲ. ಅದಕ್ಕೇ ನಾರ್ವೆಯವರು ಅದನ್ನು ಉತ್ತರದ ಒಂಟಿ ರಾಣಿ ಎಂದರು. ಹಾಗೆ ಕರೆದದ್ದು ಪ್ರೀತಿಯಿಂದ ಎಂದು ನನಗನ್ನಿಸುವುದಿಲ್ಲ.

ಇನ್ನೊಂದು ಸಂಗತಿ ಅವನಿಗೆ ಹೇಳದೆ ಇರಲಾಗಲಿಲ್ಲ. 1939ರ ಏಪ್ರಿಲ್ 1ರಂದು ಹಿಟ್ಲರ್ ಎದುರಿಗೇ ಈ ಹಡಗನ್ನು ನೀರಿಗಿಳಿಸಿದವರು, ಅದು ಯಾರ ಹೆಸರು ಹೊತ್ತಿತ್ತೋ ಆ ಅಡ್ಮಿರಲ್ ಟಿರ್ಪಿಟ್ಸ್ ಅವರ ಮಗಳು ಇಲ್ಸೆ ಫಾನ್ ಹಾಸೆಲ್. ಆಕೆಯ ಗಂಡ ಉಲ್ರಿಚ್ ಹಿಟ್ಲರ್ ವಿರೋಧಿ ಗುಂಪಿನಲ್ಲಿದ್ದರು. 1944ರ ಸೆಪ್ಟೆಂಬರಿನಲ್ಲಿ ಅವರನ್ನು ಗಲ್ಲಿಗೇರಿಸಿದರು. ಎರಡು ತಿಂಗಳಲ್ಲಿ ಹಡಗೂ ಹೋಯಿತು.

ಬುರ್‌ಫ್ಯೋರ್ಡ್ ಎಂಬಲ್ಲಿ ಊಟಕ್ಕೆ ನಿಲ್ಲಿಸಿದೆವು. ಮೀನಿನ ವಡೆ, ಬೇಯಿಸಿದ ಆಲೂಗಡ್ಡೆ, ಕಂದು ಸಾರು. ಖಾರ ಎಂಬುದು ಇಲ್ಲವೇ ಇಲ್ಲ. ಭಾವಮೈದುನ ಕೈ ಚಾಚಿದ, ನಾನು ಚಟ್ನಿಪುಡಿ ಡಬ್ಬಿ ಕೊಟ್ಟೆ. ಮಾತು ಬೇಕಾಗಲಿಲ್ಲ.

ಸಂಜೆ ಹೊತ್ತಿಗೆ ಓಲ್ಡರ್‌ಡಾಲನ್. ಬೋರ್ಡಿನ ಮೇಲೆ ಕೋಫ್ಯೋರ್ಡ್ ಎಂದು ಮೂರು ಭಾಷೆಯಲ್ಲಿ: ಸಾಮಿ, ನಾರ್ವೇಜಿಯನ್, ಕ್ವೇನ್. ನನ್ನ ತಪ್ಪಿಗೆ ಮೂರು ಭಾಷೆಯಲ್ಲಿ ಬೋರ್ಡು. ಕ್ಯಾಬಿನ್ನಿನ ಅಮ್ಮ ನಮ್ಮನ್ನು ನೋಡಿ "ಇಲ್ಲಿ ಯಾವ ಹಡಗೂ ಇರಲಿಲ್ಲ" ಎಂದು ಬಾಗಿಲಲ್ಲೇ ನಕ್ಕರು. ದೋಸೆಯ ಥರದ ಬಿಸಿ ವಾಫಲ್ ಕೊಟ್ಟರು, ಮೇಲೆ ಕಂದು ಚೀಸಿನ ತೆಳು ಹಾಳೆ. ಆ ಚೀಸು ಸಿಹಿ. ಹಾಲು ಖೋವಾ ಆಗುವಾಗ ತಳ ಹಿಡಿದರೆ ಬರುವ ರುಚಿ.

ದಾರಿಯುದ್ದಕ್ಕೂ ಹಳೇ ಮನೆ ಒಂದೂ ಕಾಣಲಿಲ್ಲವಲ್ಲ ಎಂದು ಕೇಳಿದೆ. ಅವರು ನಗು ನಿಲ್ಲಿಸಿದರು. 1944ರ ಶರತ್ಕಾಲದಲ್ಲಿ ರಷ್ಯನ್ನರು ಪೂರ್ವದಿಂದ ಬಂದಾಗ ಜರ್ಮನ್ನರು ಹಿಂದೆ ಸರಿಯುತ್ತ, ಫಿನ್‌ಮಾರ್ಕ್ ಪ್ರಾಂತ್ಯದಿಂದ ಈ ಕಡೆಯ ಲಿಂಗೆನ್ ತನಕ ಮನೆ, ಕೊಟ್ಟಿಗೆ, ದೋಣಿ, ವಿದ್ಯುತ್ ಕಂಬ ಎಲ್ಲವನ್ನೂ ಸುಟ್ಟರು. ಸುಮಾರು 50,000 ಜನರನ್ನು ಬಲವಂತವಾಗಿ ದಕ್ಷಿಣಕ್ಕೆ ಸಾಗಿಸಿದರು. "ನಮ್ಮಮ್ಮ ಹೊಲಿಗೆ ಯಂತ್ರ ಮಣ್ಣಲ್ಲಿ ಹೂತು ಹೋಗಿದ್ದಳು. ಬಂದ ಮೇಲೆ ಅಗೆದು ತೆಗೆದಳು" ಎಂದರು. ಯಂತ್ರ ಅಲ್ಲೇ ಕಿಟಕಿ ಪಕ್ಕ ಇತ್ತು. ಮೇಲೆ ಹೂವಿನ ಕುಂಡ. ಚಕ್ರ ತಿರುಗಿಸಿ ನೋಡಿದೆ, ತಿರುಗುತ್ತಿತ್ತು.

ಉತ್ತರದ ಬೆಳಕು ಕಾಣಬಹುದು ಎಂದು ರಾತ್ರಿ ಒಂದು ಗಂಟೆ ತನಕ ಎದ್ದಿದ್ದೆವು. ಮೋಡ ಬಿಡಲೇ ಇಲ್ಲ.

ಐದನೇ ದಿನ: ಎರಡು ದೋಣಿ, ಟ್ರೊಮ್ಸೊ, ಹೋಕೊಯಾ

ಓಲ್ಡರ್‌ಡಾಲನ್‌ನಿಂದ ಗಾಡಿ ಸಮೇತ ದೋಣಿ ಹತ್ತಿ ಲಿಂಗ್‌ಸೈಡೆಟ್. ಅಲ್ಲಿಂದ ಸ್ವಲ್ಪ ರಸ್ತೆ, ಸ್ವೆನ್ಸ್‌ಬಿಯಲ್ಲಿ ಇನ್ನೊಂದು ದೋಣಿ. ರಸ್ತೆಯಲ್ಲೇ ಸುತ್ತಿ ಹೋಗಬಹುದು, ಆದರೆ ದೋಣಿಯೇ ಚೆಂದ. ವೇಳಾಪಟ್ಟಿ ನೋಡಿಕೊಂಡು ಹೊರಡಬೇಕು, ಒಂದು ತಪ್ಪಿದರೆ ಮುಂದಿನದಕ್ಕೆ ಚಳಿಯಲ್ಲಿ ಕಾಯಬೇಕು. ಮೋಡ ಹರಿದು ಲಿಂಗೆನ್ ಬೆಟ್ಟಗಳ ತಲೆ ಕಂಡಿತು. ಮೇಲೆ ಹೊಸ ಹಿಮ ಬಿದ್ದಿತ್ತು.

1944ರ ಸೆಪ್ಟೆಂಬರ್ 15ರಂದು, ರಷ್ಯಾದ ಆರ್ಕ್‌ಹಾಂಗೆಲ್ಸ್ಕ್ ಹತ್ತಿರದಿಂದ ಹಾರಿ ಬಂದ ಬ್ರಿಟಿಷರ ಲ್ಯಾಂಕಾಸ್ಟರ್ ವಿಮಾನವೊಂದರ ಟಾಲ್‌ಬಾಯ್ ಬಾಂಬು ಟಿರ್ಪಿಟ್ಸ್ ಮೂತಿ ಹರಿಯಿತು. ಆ ಬಾಂಬ್ ಒಂದೊಂದೂ 5,400 ಕಿಲೋ. ಮತ್ತೆ ಕಡಲಿಗೆ ಹೋಗುವ ಹಾಗಿರಲಿಲ್ಲ. ತೇಲುವ ಕೋಟೆಯಾಗಿಯಾದರೂ ಇರಲಿ ಎಂದು ಅಕ್ಟೋಬರಿನಲ್ಲಿ ಕುಂಟುತ್ತ ಟ್ರೊಮ್ಸೊಗೆ ತಂದರು. ಇದೇ ಅದರ ಗ್ರಹಚಾರ. ಆಲ್ಟಾ ಸ್ಕಾಟ್ಲೆಂಡಿನಿಂದ ಹೋಗಿ ಬರಲಾಗದಷ್ಟು ದೂರವಿತ್ತು. ಟ್ರೊಮ್ಸೊ ಎಟುಕಿತು. ಬ್ರಿಟಿಷರು ಲ್ಯಾಂಕಾಸ್ಟರ್‌ಗಳ ಬೆನ್ನ ಮೇಲಿನ ಬಂದೂಕು ಗೋಪುರ ಕಿತ್ತು, ಹೆಚ್ಚಿನ ಪೆಟ್ರೋಲ್ ಟ್ಯಾಂಕ್ ಇಟ್ಟರು. ಅಕ್ಟೋಬರ್ 29ರಂದು ಬಂದಾಗ ಕೊನೇ ಗಳಿಗೆಯಲ್ಲಿ ಮೋಡ ಮುಚ್ಚಿ ಹಡಗು ಬದುಕಿತು.

ಟ್ರೊಮ್ಸೊ ಊರು ದಾಟಿ, ಸೇತುವೆ ಹತ್ತಿ ಕ್ವಾಲೊಯಾ ದ್ವೀಪ, ಅಲ್ಲಿಂದ ಇನ್ನೊಂದು ಸೇತುವೆ, ಹೋಕೊಯಾ. ಅರ್ಧ ಗಂಟೆಯೂ ಬೇಡ. ರಸ್ತೆ ಕೊನೆಯಲ್ಲಿ ಗಾಡಿ ನಿಲ್ಲಿಸಿ ನಡೆದೆವು. ಬರ್ಚ್ ಪೊದೆ, ಜೌಗು ನೆಲ, ಕುರಿಗಳು. ಭಾವಮೈದುನ ಮುಂದೆ ಹೋಗುತ್ತಿದ್ದವನು "ಭಾವ, ಇಲ್ಲಿ ಕೆರೆ ಇದೆ" ಎಂದ. ಇನ್ನೂ ಹತ್ತು ಹೆಜ್ಜೆಗೆ "ಇನ್ನೊಂದು" ಎಂದ. ಗುಂಡಗೆ, ಕಂಪಾಸಿನಲ್ಲಿ ಗೀಚಿದ ಹಾಗೆ. ಕಪ್ಪು ನೀರು, ಅಂಚಿನಲ್ಲಿ ಹುಲ್ಲು.

ಅವು ಕೆರೆಗಳಲ್ಲ. ಗುರಿ ತಪ್ಪಿದ ಟಾಲ್‌ಬಾಯ್ ಬಿದ್ದ ಗುಂಡಿಗಳು.

1944ರ ನವೆಂಬರ್ 12, ಭಾನುವಾರ. ಅವತ್ತು ಆಕಾಶ ಶುಭ್ರ. ವಿಲ್ಲಿ ಟೇಟ್ ಮುಂದಾಳತ್ವದಲ್ಲಿ ಸ್ಕಾಟ್ಲೆಂಡಿನಿಂದ 32 ಲ್ಯಾಂಕಾಸ್ಟರ್ ಹೊರಟಿದ್ದವು. ಟ್ರೊಮ್ಸೊದಲ್ಲಿ ಹೊಗೆ ಯಂತ್ರಗಳು ಇನ್ನೂ ಸಿದ್ಧವಿರಲಿಲ್ಲ. ಬಾರ್ಡುಫೋಸ್‌ನ ಜರ್ಮನ್ ಯುದ್ಧವಿಮಾನಗಳು ಹಡಗಿನ ನೆರವಿಗೆ ಬರಲೇ ಇಲ್ಲ. 9 ಗಂಟೆ 41ರ ಹೊತ್ತಿಗೆ ಮೊದಲ ಬಾಂಬ್. 9:52ಕ್ಕೆ ಹಡಗು ಪೂರ್ತಿ ಮಗುಚಿತ್ತು. ಹನ್ನೊಂದು ನಿಮಿಷ. ನೀರು ಆಳವಿಲ್ಲ, ಹಾಗಾಗಿ ಮುಳುಗಲಾರದು ಎಂದೇ ಈ ಜಾಗ ಆರಿಸಿದ್ದರು. ಆಳವಿಲ್ಲದ ನೀರಿನಲ್ಲಿ ಅದು ಬೆನ್ನು ಮೇಲಾಗಿ ಬಿತ್ತು, ಒಳಗಿದ್ದವರ ಮೇಲೆಯೇ. ಸತ್ತವರ ಲೆಕ್ಕ 940 ಎನ್ನುವವರಿದ್ದಾರೆ, 1,200 ಎನ್ನುವವರೂ ಇದ್ದಾರೆ. ನಾಯಕ ರಾಬರ್ಟ್ ವೆಬರ್ ಕೂಡ ಸತ್ತ. ತಳದ ಉಕ್ಕನ್ನು ಕೊರೆದು ಎಂಬತ್ತಕ್ಕೂ ಹೆಚ್ಚು ಜನರನ್ನು ಜೀವಂತ ಎಳೆದರು. ಉಳಿದವರು ಒಳಗಿಂದ ಬಡಿಯುತ್ತಿದ್ದ ಸದ್ದು ಒಂದೆರಡು ದಿನಗಳಲ್ಲಿ ನಿಂತಿತು.

ಹಡಗಿನ ಮೇಲೆ ಹಾರುತ್ತಿದ್ದ ಬಾವುಟದ ಬಗ್ಗೆ ನನಗೆ ಯಾವ ಮರುಕವೂ ಇಲ್ಲ. ನಾಯಿ ಎತ್ತಿಕೊಂಡಿದ್ದ ಆ ಫೋಟೋದ ಹುಡುಗ ಮಾತ್ರ ಅಲ್ಲಿ ನಿಂತಾಗ ನೆನಪಾದ.

ದಡದಲ್ಲಿ ಒಬ್ಬಾಕೆ ಕ್ಲೌಡ್‌ಬೆರಿ ಹುಡುಕುತ್ತಿದ್ದರು. ಕಾಲ ಮುಗಿದಿದೆ, ಆದರೂ ಎರಡು ಮುಷ್ಟಿ ಸಿಕ್ಕಿತ್ತು. ನಮಗೂ ನಾಲ್ಕು ಕೊಟ್ಟರು. ಹುಳಿ, ಬೀಜ ಜಾಸ್ತಿ. ಹಡಗು ಎಲ್ಲಿ ಹೋಯಿತು ಎಂದು ಭಾವಮೈದುನನೇ ಕೇಳಿದ. 1948ರಿಂದ 1957ರ ತನಕ ಇಲ್ಲಿಯೇ ಕೂತು ಒಡೆದರು ಎಂದರು. ಜನರೇಟರ್ ಒಂದಷ್ಟು ಬೇರೆ ಊರಿಗೆ ಕರೆಂಟ್ ಕೊಡಲು ಹೋದವು. ಉಕ್ಕು ಜರ್ಮನಿಗೂ ಹೋಯಿತು. "ದಪ್ಪ ಹಲಗೆಗಳು ಕೆಲವು ರಸ್ತೆ ಇಲಾಖೆಗೆ. ರಸ್ತೆ ಅಗೆದಾಗ ಗುಂಡಿ ಮೇಲೆ ಹಾಸ್ತಾರಲ್ಲ, ಅದಕ್ಕೆ."

"ಈಗಲೂ?"

"ಉಕ್ಕು ಒಳ್ಳೇದು" ಎಂದು ಬುಟ್ಟಿ ಎತ್ತಿಕೊಂಡು ಹೊರಟರು.

ವಾಪಸ್ ಬರುವಾಗ ನನ್ನ ಬಲಗಾಲು ಗುಂಡಿಯ ಅಂಚಿನಲ್ಲಿ ಮೊಣಕಾಲ ತನಕ ಹೂತಿತು. ಎಳೆದಾಗ ಕಾಲು ಬಂತು, ಬೂಟು ಬರಲಿಲ್ಲ. ಭಾವಮೈದುನ ಮೊಣಕೈ ತನಕ ಕೈ ಹಾಕಿ ತೆಗೆದುಕೊಟ್ಟ. ಆ ಬೂಟು ಬೆಂಗಳೂರಿಗೆ ಬಂದ ಮೇಲೂ ಒಂದು ವಾರ ನಾರುತ್ತಿತ್ತು.

ವಿಮಾನಕ್ಕೆ ಎರಡು ಗಂಟೆ ಇತ್ತು. ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಪೈಪ್ ಹಾಕಲು ರಸ್ತೆ ಅಗೆದಿದ್ದರು. ಅಡ್ಡಲಾಗಿ ತುಕ್ಕು ಬಣ್ಣದ ದಪ್ಪ ಕಬ್ಬಿಣದ ಹಲಗೆ. ಮುಂದಿನ ಚಕ್ರ ಹತ್ತಿತು, ಧಡಕ್. ಹಿಂದಿನದು, ಧಡಕ್. ಭಾವಮೈದುನ ಗಾಡಿ ನಿಧಾನ ಮಾಡಿ ಕನ್ನಡಿಯಲ್ಲಿ ಹಿಂದೆ ನೋಡಿದ.

"ಭಾವ, ಇದೂ ನಿಮ್ಮದೇನಾ?"

ಹಿಂದಿನ ಗಾಡಿಯವನು ಹಾರ್ನ್ ಹೊಡೆದ. ಮುಂದೆ ಹೋದೆವು.